ಎಲ್ಲರೂ ಒಳಗೆ

ಸೆಪ್ಟೆಂಬರ್ 9, 2024, ಸೋಮವಾರ

ನಿನ್ನೆ ರಾತ್ರಿ ಚಿರತೆ ಕಂಠಪ್ಪನವರ ಕೊಟ್ಟಿಗೆಗೇ ನುಗ್ಗಿ ಕರುವನ್ನು ಎಳೆದುಕೊಂಡು ಹೋಗಿದೆ. ಬೆಳಿಗ್ಗೆ ಊರೆಲ್ಲ ಹೋಗಿ ನೋಡಿದೆವು. ಅಂಗಳದಿಂದ ಕಬ್ಬಿನ ಗದ್ದೆಯವರೆಗೂ ನೆಲದ ಮೇಲೆ ಎಳೆದ ಗುರುತು. ಹೋದ ವಾರ ಎರಡು ನಾಯಿ, ಅದಕ್ಕೂ ಮೊದಲು ಕೆಳಗಿನ ಬೀದಿಯ ಮರಮ್ಮನ ಆಡು, ಈಗ ಕರು. ಮುಂದೆ ಏನು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

ಅರಣ್ಯ ಇಲಾಖೆಯವರು ಬಂದು ಕೆರೆ ಏರಿಯ ಪಕ್ಕ ಬೋನು ಇಟ್ಟು, ಒಳಗೊಂದು ನಾಯಿ ಕಟ್ಟಿ ಹೋದರು. ಇಲ್ಲಿ ಕೂತರೂ ಅದರ ಅಳು ಕೇಳುತ್ತದೆ.

ಲೈಬ್ರರಿಗೆ ಇವತ್ತು ಒಂದು ಮಗುವೂ ಬರಲಿಲ್ಲ. ಪಂಚಾಯ್ತಿ ಲೈಬ್ರರಿ ನೋಡಿಕೊಳ್ಳುವವಳಿಗೆ ಮಕ್ಕಳು ಬರದಿದ್ದರೆ ಗೋಡೆ ನೋಡುವುದೊಂದೇ ಕೆಲಸ. ಮದುವೆಗೆ ಮುಂಚೆ ದಿನಚರಿ ಬರೆಯುತ್ತಿದ್ದೆ, ಬಿಟ್ಟು ಎಷ್ಟೋ ವರ್ಷವಾಯಿತು. ಭಯವಾದಾಗ ಬರೆದರೆ ಸ್ವಲ್ಪ ಹಗುರವಾಗುತ್ತದೆ, ಅದಕ್ಕೇ ಇದು.

ಮುಚ್ಚುವ ಹೊತ್ತಿಗೆ ಮಂಗಳಿ ಬಂದಳು. ಸರ್ವಮಂಗಳ ಅಂತ ಹೆಸರು. ರಾವಂದೂರು ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು. ಮದುವೆಯಾಗಿ ಇಬ್ಬರೂ ಇದೇ ಅಂಕನಕಟ್ಟೆಗೆ ಬಂದೆವು. ಗಂಡ ತೀರಿಕೊಂಡ ಮೇಲೆ ಮೂರನೇ ಬೀದಿಯ ಕೊನೆ ಮನೆಯಲ್ಲಿ ಎರಡು ಹಸು ಕಟ್ಟಿಕೊಂಡು ಒಬ್ಬಳೇ ಇದ್ದಾಳೆ.

"ಈ ಗಲಾಟೆ ಮುಗಿಯೋಗಂಟ ನಮ್ಮನೇಲೇ ಮಲಿಕೊ ಕಣೆ," ಅಂದೆ.

"ಹಸ ಯಾರ್ ನೋಡ್ಕತಾರೆ? ನನ್ನ ತಿಂದ್ರೆ ಚಿರತೆಗೇ ಹೊಟ್ಟೆನೋವು ಬುಡು," ಅಂದು ನಕ್ಕಳು.

ಆಮೇಲೆ ಎಂದಿನಂತೆ ಕೆರೆ ಏರಿಯ ಮೇಲೆ ನಡೆಯಲು ಹೋದಳು. ಹೊತ್ತು ಮುಳುಗುವಾಗ ದಿನವೂ ಹಾಗೆ ಒಬ್ಬಳೇ ನಡೆಯುತ್ತಾಳೆ. ಅವಳ ಸೀರೆ ಕಣ್ಣಿಗೆ ಮರೆಯಾಗುವವರೆಗೂ ಬಾಗಿಲಲ್ಲಿ ನಿಂತಿದ್ದೆ.

ಸೆಪ್ಟೆಂಬರ್ 14, ಶನಿವಾರ

ಬಸವನ ಗುಡಿಯ ಮುಂದೆ ಸಭೆ. ಡೇರಿ ಅಧ್ಯಕ್ಷರಾದ ವೀರಭದ್ರಸ್ವಾಮಿಯವರು ಎಲ್ಲ ಯೋಚಿಸಿಕೊಂಡೇ ಬಂದಿದ್ದರು. ಊರಿಗೆ ಆರು ಕ್ಯಾಮೆರಾ, ಗುಡಿಯ ಮೇಲೊಂದು ಸೈರನ್. ಸಂಜೆ ಆರೂವರೆಗೆ ಎಲ್ಲರೂ ಮನೆ ಸೇರಬೇಕು. ಪ್ರತಿ ಮನೆಯ ಮುಂದೆ ಒಂದು ಹಸಿರು ಬಲ್ಬು, ಮನೆಯವರೆಲ್ಲ ಒಳಗೆ ಬಂದ ಮೇಲೆ ಅದನ್ನು ಹಚ್ಚಬೇಕು. ಹಚ್ಚಿ, ಊರಿನ ವಾಟ್ಸಾಪ್ ಗ್ರೂಪಿನಲ್ಲಿ 'ಎಲ್ಲರೂ ಒಳಗೆ' ಅಂತ ಹಾಕಬೇಕು. ಸೈರನ್ ಕೂಗಿದರೆ ಚಿರತೆ ಊರೊಳಗಿದೆ ಅಂತ ಅರ್ಥ. ಆಗ ಯಾರು ಕರೆದರೂ ಬಾಗಿಲು ತೆಗೆಯಬಾರದು.

ಕ್ಯಾಮೆರಾದ ಪರದೆಯನ್ನು ಲೈಬ್ರರಿಯಲ್ಲಿ ಇಡುವುದೆಂದಾಯಿತು, ಅಲ್ಲಿ ಯುಪಿಎಸ್ ಇದೆ.

"ಆಶಮ್ಮ, ನೀವು ಓದ್ದೋರು, ತಾಳ್ಮೆ ಇರೋರು. ನೀವೇ ನೋಡ್ಕಬೇಕು," ಅಂದರು ಸ್ವಾಮಿಯವರು.

"ನಂಗೆ ಅವೆಲ್ಲ ಬರಾಕಿಲ್ಲ ಅಣ್ಣ."

"ಕಣ್ಣಿದ್ರೆ ಸಾಕು ಕಣಮ್ಮ."

ಎಲ್ಲರೂ ನನ್ನ ಕಡೆ ತಿರುಗಿದರು. ಇಷ್ಟು ವರ್ಷ ಲೈಬ್ರರಿ ನಡೆಸಿದ್ದೇನೆ, ಊರು ಹೀಗೆ ನನ್ನ ಕಡೆ ತಿರುಗಿದ್ದು ಇದೇ ಮೊದಲು. ಒಪ್ಪಿಕೊಂಡೆ. ಯಾರಾದರೂ ಮಾಡಲೇಬೇಕಲ್ಲ.

ಒಂದು ವಿಷಯ ಮಾತ್ರ ಅರ್ಥವಾಗಲಿಲ್ಲ. ಆರು ಕ್ಯಾಮೆರಾಗಳಲ್ಲಿ ಮೂರು ಕೆಳಗಿನ ಬೀದಿಯ ಕಡೆಗೇ ತಿರುಗಿವೆ. ಚಿರತೆ ಆ ಕಡೆಯಿಂದ ಬರುತ್ತದಂತೆ. ಕಂಠಪ್ಪನವರ ಕರು ಹೋದದ್ದು ಈ ಕಡೆಯಿಂದಲ್ಲವೇ? ಕೇಳಬೇಕೆಂದುಕೊಂಡೆ. ಅಷ್ಟರಲ್ಲಿ ಸಭೆ ಮುಗಿದಿತ್ತು.

ಸೆಪ್ಟೆಂಬರ್ 22, ಭಾನುವಾರ

ಹಸಿರು ಬಲ್ಬು ಹಾಕಿ ಇವತ್ತಿಗೆ ಮೂರನೇ ದಿನ. ಪರದೆಯಲ್ಲಿ ಊರು ನೋಡಲು ಚೆಂದ. ಒಂದೊಂದೇ ಮನೆ ಹಸಿರಾಗುತ್ತಾ ಬರುತ್ತದೆ. ಎಲ್ಲರೂ ಒಳಗಿದ್ದಾರೆ ಎಂಬ ಧೈರ್ಯ ಎಷ್ಟು ದೊಡ್ಡದು ಅಂತ ಈಗ ತಿಳಿಯಿತು.

ಮಂಗಳಿ ಮನೆಯೊಂದು ಕತ್ತಲು. ಕೊಟ್ಟ ಬಲ್ಬನ್ನು ಕೊಟ್ಟಿಗೆಯೊಳಗೆ ಹಾಕಿಕೊಂಡಿದ್ದಾಳೆ. ಮಧ್ಯಾಹ್ನ ಹೋಗಿ ಕೇಳಿದೆ.

"ಹಸಕ್ಕೆ ಹಸಿರು ಬೆಳಕು ಹಿಡಿಸ್ತದೆ ಕಣೆ," ಅಂದಳು.

"ತಮಾಸೆ ಬುಡು. ಸ್ವಾಮಣ್ಣ ಕೇಳ್ತಾ ಅವ್ರೆ."

"ನಾನು ಮನೇಲಿದೀನೋ ಇಲ್ವೋ ಅಂತ ಬೀದಿಗ್ಯಾಕೆ ಏಳ್ಬೇಕು? ಒಬ್ಬಂಟಿ ಹೆಂಗ್ಸು ನಾನು. ಬಲ್ಬು ಆರಿದ್ರೆ ಮನೇಲಿ ಯಾರೂ ಇಲ್ಲ ಅಂತ ಕಳ್ಳನಿಗೂ ಗೊತ್ತಾಯ್ತದೆ."

ಅದೂ ನಿಜ ಅನ್ನಿಸಿತು. ಇಬ್ಬರೂ ನಕ್ಕೆವು. ಅವಳು ಕೊಟ್ಟ ಗಿಣ್ಣು ತಿಂದು ಬಂದೆ. ಸ್ವಾಮಿಯವರಿಗೆ, "ವೈರು ಸರಿಯಿಲ್ವಂತೆ, ಸರಿಮಾಡಿಸ್ತಾಳೆ," ಅಂತ ಹೇಳಿದ್ದೇನೆ.

ಅಕ್ಟೋಬರ್ 4, ಶುಕ್ರವಾರ

ಈಗ ಪರದೆಯನ್ನು ಮೊಬೈಲಿನಲ್ಲೂ ನೋಡಬಹುದು. ಪಿರಿಯಾಪಟ್ಟಣದಿಂದ ಬಂದ ಹುಡುಗರು ಹಾಕಿಕೊಟ್ಟರು. ಸೈರನ್ನಿನ ಬಟನ್ನೂ ಅದರಲ್ಲೇ ಇದೆ.

ಊರಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ ಅನ್ನಿಸುತ್ತದೆ. ಮಾತು ಬಿಟ್ಟಿರುವ ಅಣ್ಣತಮ್ಮಂದಿರ ಮನೆಯ ಹೆಂಗಸರು ಹಿತ್ತಲಲ್ಲಿ ಸಾರು ಹಂಚಿಕೊಳ್ಳುತ್ತಾರೆ. ಕಂಠಪ್ಪನವರು ದಿನಕ್ಕೆರಡು ಸಲ ಗುಡಿಯ ಹಿಂದೆ ಹೋಗಿ ಬೀಡಿ ಸೇದುತ್ತಾರೆ, ಮನೆಯವರಿಗೆ ಬಿಟ್ಟೆ ಅಂತ ಹೇಳಿದ್ದಾರೆ. ಡೇರಿಯಲ್ಲಿ ಹಾಲು ಅಳೆಯುವ ಪುಷ್ಪಾ ಡೇರಿಯ ಹಿಂಬದಿಗೆ ಹೋಗಿ ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಾಳೆ. ಯಾರೊಂದಿಗೆ? ಎದುರಿಗೆ ಬಂದಾಗ ಎಲ್ಲರೂ ಏನೂ ಇಲ್ಲದವರಂತೆ ನಗುತ್ತಾರೆ. ನಾನೂ ನಗುತ್ತೇನೆ.

ನಂಜುಂಡೇಶ್ ಊಟಕ್ಕೆ ಕೂತಾಗ, "ಆ ಫೋನ್ ಕೆಳ್ಗಿಡು. ಸಿನ್ಮಾ ನೋಡ್ದಂಗೆ ಊರ್ನ ನೋಡ್ತೀಯಲ್ಲ," ಅಂದರು. ಹಿಟ್ಟಿನ ಮಿಷನ್ ನಡೆಸುವವರು ನನ್ನ ಗಂಡ. ದಿನವಿಡೀ ಆ ಸದ್ದಿನಲ್ಲಿದ್ದು ಬಂದು ಮನೆಯಲ್ಲಿ ಮಾತಾಡುವುದೇ ಕಡಿಮೆ. ಈ ಮಾತು ಆಡಿದ್ದು ಯಾಕೋ.

ಸರ್ವಮಂಗಳ ಇವತ್ತೂ ಏರಿಯ ಮೇಲೆ ಹೋದಳು. ಆರೂವರೆ ದಾಟಿತ್ತು.

ಅಕ್ಟೋಬರ್ 13, ಭಾನುವಾರ

ಚಿರತೆ ಸಿಕ್ಕಿತು. ಹಾರನಹಳ್ಳಿ ಕಡೆಯ ಒಂದು ತೋಟದಲ್ಲಿಟ್ಟ ಬೋನಿಗೆ ಬಿದ್ದಿದೆ. ದೊಡ್ಡ ಗಂಡು. ಎಲ್ಲರ ಫೋನಿಗೂ ಫೋಟೋ ಬಂತು.

ಸಂಜೆ ಸಭೆಯಲ್ಲಿ ಯಾರೋ, "ಹಂಗಾದ್ರೆ ಇನ್ನು ಬಲ್ಬು ತೆಗೀಬೌದಾ?" ಅಂದರು. ಸ್ವಾಮಿಯವರು ಸಿಟ್ಟಾಗಲಿಲ್ಲ.

"ಸಿಕ್ಕಿದ್ದು ಒಂದು. ಇರೋದು ಒಂದೇ ಅಂತ ಯಾರ್ ಏಳಿದ್ದು? ಈ ಒಂದು ತಿಂಗ್ಳಲ್ಲಿ ಊರಲ್ಲಿ ಒಂದು ಜಗಳ ಆಗಿದ್ದದಾ? ಒಂದು ಕೋಳಿ ಕಳುವಾಗಿದ್ದದಾ? ಚಿರತೆಗೆ ಅಂತ ಶುರು ಮಾಡುದ್ವಿ. ಒಳ್ಳೇದಾಯ್ತಾ ಇದ್ರೆ ಯಾಕ್ ನಿಲ್ಲಿಸ್ಬೇಕು?"

ಸರಿ ಅನ್ನಿಸಿತು. ಕೈ ಎತ್ತಲು ಹೇಳಿದರು, ಎತ್ತಿದೆವು. ಎತ್ತದವಳು ಒಬ್ಬಳೇ. ಗುಂಪಿನ ಹಿಂದೆ ಕಂಬಕ್ಕೆ ಒರಗಿ, ಎರಡೂ ಕೈ ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು. ಜನ ಹಿಂದಿರುಗಿ ನೋಡಿದರು. ಅವಳು ನನ್ನನ್ನು ನೋಡಿದಳು. ನನಗೆ ಮುಜುಗರವಾಯಿತು. ಗೆಳತಿ ಅಂದ ಮಾತ್ರಕ್ಕೆ ಎಲ್ಲದಕ್ಕೂ ನಾನು ಉತ್ತರ ಕೊಡಬೇಕೇ?

ನಿಯಮಕ್ಕೆ ಸೇರದವರ ಹಾಲನ್ನು ಡೇರಿಗೆ ಹಾಕಿಸಿಕೊಳ್ಳುವುದಿಲ್ಲ ಎಂದು ತೀರ್ಮಾನವಾಯಿತು.

ಅಕ್ಟೋಬರ್ 21, ಸೋಮವಾರ

ಅವಳ ಹಾಲು ವಾಪಸಾಯಿತು. ಪರದೆಯಲ್ಲಿ ನೋಡಿದೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಳು. ಪುಷ್ಪಾ ತಲೆ ಅಲ್ಲಾಡಿಸಿದಳು. ಇವಳು ಕ್ಯಾನು ಎತ್ತಿಕೊಂಡು ತಿರುಗಿ ನಡೆದಳು. ಸಾಲಿನಲ್ಲಿದ್ದವರು ದಾರಿ ಬಿಟ್ಟರು. ಸ್ವಲ್ಪ ಹೆಚ್ಚೇ ಬಿಟ್ಟರು.

ಆಮೇಲೆ ಅವಳು ಹೋದದ್ದು ಕೆಳಗಿನ ಬೀದಿಗೆ. ಮರಮ್ಮನ ಮಗ ಗೋವಿಂದಯ್ಯ ಲಗೇಜ್ ಆಟೋ ಓಡಿಸುತ್ತಾನೆ. ಕ್ಯಾನನ್ನು ಅವನ ಗಾಡಿಯಲ್ಲಿ ಇಟ್ಟಳು. ರಾವಂದೂರಿನ ಹೋಟೆಲಿಗೆ ಕಳುಹಿಸುತ್ತಿದ್ದಾಳೆ ಅಂತ ಆಮೇಲೆ ಗೊತ್ತಾಯಿತು. ಇಷ್ಟು ಬೇಗ ಏರ್ಪಾಡು ಹೇಗಾಯಿತು? ಮೊದಲಿಂದಲೂ ಮಾತುಕತೆ ಇತ್ತೇನೋ. ದಿನಾ ಸಂಜೆ ಏರಿಯ ಮೇಲೆ ಒಬ್ಬಳೇ ಹೋಗುವುದು ಸುಮ್ಮನೆ ಇರಲಾರದು. ಸುಮ್ಮನೆ ಯಾರು ನಡೆಯುತ್ತಾರೆ?

ಏರಿಯ ಆ ತುದಿಗೆ ಕ್ಯಾಮೆರಾ ಇಲ್ಲ. ಸ್ವಾಮಿಯವರಿಗೆ ಹೇಳಿದ್ದೇನೆ.

ನವೆಂಬರ್ 5, ಮಂಗಳವಾರ

ನಿನ್ನೆ ಅವಳು ಕಂಠಪ್ಪನವರ ಮನೆ ಹತ್ತಿರದ ಕ್ಯಾಮೆರಾ ಮೂರರ ಕೆಳಗೆ ಬಂದು ನಿಂತಳು. ಬೇಕೆಂದೇ. ತಲೆ ಎತ್ತಿ ನೇರ ನನ್ನ ಕಡೆ ನೋಡಿದಳು. ಕನ್ನಡಿ ಮುಂದೆ ನಿಂತವಳಂತೆ ಮುಂಗೂದಲು ಸರಿಮಾಡಿಕೊಂಡಳು, ಹಣೆಯ ವಿಭೂತಿ ಒರೆಸಿಕೊಂಡಳು. ಏನೋ ಹೇಳಿದಳು. ಸದ್ದು ಬರುವುದಿಲ್ಲವಲ್ಲ. ನಕ್ಕು ಹೊರಟುಹೋದಳು.

ಗ್ರೂಪಿಗೆ ಹಾಕಿದೆ. ಹಾಕಲೇಬೇಕಾಗಿತ್ತು, ಹೇಗೂ ಯಾರಾದರೂ ನೋಡಿರುತ್ತಾರೆ. 'ಇಡೀ ಊರಿಗೆ ಅಣಕ' ಅಂತ ಒಬ್ಬರು ಬರೆದರು. 'ಇವಳಿಗೆ ಯಾರ ಬೆಂಬಲ?' ಅಂತ ಇನ್ನೊಬ್ಬರು. ಆ ಪ್ರಶ್ನೆ ನನ್ನ ಕುರಿತೇ ಇದ್ದೀತೆ? ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಅವಳ ನಂಬರನ್ನು ಬ್ಲಾಕ್ ಮಾಡಿದೆ. ಗ್ರೂಪಿನಲ್ಲಿ ತಿಳಿಸಿದೆ. ಹಲವರು ಕೈ ಮುಗಿದ ಚಿತ್ರ ಕಳುಹಿಸಿದರು.

ನವೆಂಬರ್ 11, ಸೋಮವಾರ

ಮೂರನೇ ಬೀದಿ ಕೊನೆ ಮನೆ ಬಿಟ್ಟು ಎಲ್ಲ ಹಸಿರು. ಎಲ್ಲರೂ ಒಳಗೆ.

ನವೆಂಬರ್ 18, ಸೋಮವಾರ

ಇವತ್ತು ಮಿತಿ ಮೀರಿತು.

ಕಾರ್ತಿಕ ಸೋಮವಾರ. ಬೇಗ ದೀಪ ಹಚ್ಚಿ ಅಡಿಗೆಗೆ ನಿಂತಿದ್ದೆ. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಟ್ಟಿದ್ದೆ. ಆರೂವರೆ ಆಗಿ ಎಲ್ಲ ಮನೆ ಹಸಿರಾದ ಮೇಲೆ ಕ್ಯಾಮೆರಾ ಮೂರರಲ್ಲಿ ಆ ಕೊನೆ ಮನೆಯವಳು ಕಾಣಿಸಿಕೊಂಡಳು. ಕೂದಲು ಬಿಚ್ಚಿಕೊಂಡಿತ್ತು. ಕುಂಟುತ್ತಾ, ಗೋಡೆ ಹಿಡಿದುಕೊಂಡು ಬಂದಳು. ಕಂಠಪ್ಪನವರ ವಯಸ್ಸಾದ ತಾಯಿ ಹಾಗೇ ನಡೆಯುವುದು. ಮುದುಕಿಯನ್ನು ಅಣಕಿಸಲು ನಾಚಿಕೆಯಾಗಬೇಡವೇ?

ಕ್ಯಾಮೆರಾ ಕೆಳಗೆ ನಿಂತು ಕೈ ಬೀಸಿದಳು. ಹೋದ ಸಲದ ಹಾಗೇ ತಲೆ ಎತ್ತಿ ಏನೋ ಹೇಳಿದಳು. ಮತ್ತೆ ಮತ್ತೆ ಅದನ್ನೇ ಹೇಳಿದಳು.

"ಯಾರೋ ಕೂಗ್ದಂಗಾಯ್ತಲ್ಲ," ಅಂದರು ನಂಜುಂಡೇಶ್. ನಡುಮನೆಯಿಂದ ಎದ್ದು ಬಾಗಿಲ ಹತ್ತಿರ ಹೋಗಿದ್ದರು.

"ಅವ್ಳೇ. ನಾಟ್ಕ ಆಡ್ತಾ ಅವ್ಳೆ. ತೆಗೀಬೇಡಿ."

"ನೋವಿರೋ ದನಿ ಕಣೆ ಅದು."

"ನಾನ್ ನೋಡ್ತಾ ಇದೀನಲ್ಲ. ನಿಮಗೆ ಕೇಳ್ಸೋದು ಅಷ್ಟೇ, ನಂಗೆ ಕಾಣ್ತದೆ. ಸುಮ್ನೆ ಬನ್ನಿ."

ಚಿಲಕದ ಮೇಲಿದ್ದ ಕೈ ತೆಗೆದು ಬಂದು ಕೂತರು. ನಾನು ಸೈರನ್ ಒತ್ತಿದೆ. ಎರಡನೇ ಸಲ ಇಡೀ ಊರಿನ ಮುಖಕ್ಕೆ ಅಣಕಿಸಲು ಬಿಡುವುದು ಹೇಗೆ? ಅವಳು ಕಿವಿ ಮುಚ್ಚಿಕೊಂಡಳು. ಕಂಠಪ್ಪನವರ ಬಾಗಿಲಿಗೆ ಹೋಗಿ ಬಡಿದಳು. ಅವರು ತೆಗೆಯಲಿಲ್ಲ, ನಿಯಮ ಗೊತ್ತಿದ್ದವರು. ಮತ್ತೆ ಕ್ಯಾಮೆರಾ ಕೆಳಗೇ ಬಂದು ನೆಲದ ಮೇಲೆ ಕೂತುಬಿಟ್ಟಳು.

ಅಷ್ಟರಲ್ಲಿ ಗೋವಿಂದಯ್ಯನ ಆಟೋ ಬಂತು. ರಾವಂದೂರಿನಿಂದ ತಡವಾಗಿ ಬಂದವನಂತೆ. ಇಳಿದು, ಅವಳನ್ನು ಎರಡೂ ಕೈಯಲ್ಲಿ ಎತ್ತಿ ಗಾಡಿಯಲ್ಲಿ ಕೂರಿಸಿಕೊಂಡು ಬಂದ ದಾರಿಯಲ್ಲೇ ತಿರುಗಿಸಿ ಹೊರಟ. ಎಷ್ಟು ದಿನದ ನನ್ನ ಅನುಮಾನ ಕಣ್ಣೆದುರೇ ನಿಜವಾಯಿತು. ಗ್ರೂಪಿಗೆ ಹಾಕಿದ್ದೇನೆ. ಇನ್ನು ಸ್ವಾಮಿಯವರು ನೋಡಿಕೊಳ್ಳುತ್ತಾರೆ.

ರೊಟ್ಟಿ ಸೀದುಹೋಯಿತು. ನಂಜುಂಡೇಶ್ ಊಟ ಬೇಡ ಅಂದರು.

ನವೆಂಬರ್ 19, ಮಂಗಳವಾರ

ಹಾವು. ಕೊಳಕುಮಂಡಲ. ಹಾಲು ಕರೆಯುವಾಗ ಕೊಟ್ಟಿಗೆಯಲ್ಲಿ ಪಾದಕ್ಕೆ ಕಚ್ಚಿದೆ. ಫೋನು ಅಲ್ಲೇ ಹುಲ್ಲಿನಲ್ಲಿ ಬಿದ್ದಿತ್ತಂತೆ. ಪಿರಿಯಾಪಟ್ಟಣದಲ್ಲಿ ಇಂಜೆಕ್ಷನ್ ಕೊಟ್ಟು ಮೈಸೂರಿಗೆ ಕಳುಹಿಸಿದ್ದಾರೆ. ಜೀವ ಇದೆ.

ನವೆಂಬರ್ 21, ಗುರುವಾರ

ಸಭೆ. ಗೋವಿಂದಯ್ಯನನ್ನು ಕರೆಸಿದ್ದರು. ನಿಂತೇ ಇದ್ದ.

"ಆರೂವರೆ ಮೇಲೆ ಗಾಡಿ ಎಂಗ್ ತಂದೆ ಊರೊಳೀಕೆ?" ಅಂದರು ಸ್ವಾಮಿಯವರು.

"ಸಾಯೋರ್ನ ರೋಡಲ್ಲಿ ಬುಟ್ಟು ಓಗ್ಬೇಕಿತ್ತಾ ಸ್ವಾಮಿ?"

"ಕೇಳಿದ್ದಕ್ಕೆ ಏಳು."

"ಏಳುದ್ನಲ್ಲ."

ಒಳ್ಳೆಯ ಕೆಲಸವಾದರೂ ನಿಯಮ ನಿಯಮವೇ, ಸಂಕ್ರಾಂತಿಯವರೆಗೆ ಊರಿನವರು ಅವನ ಗಾಡಿಗೆ ಬಾಡಿಗೆ ಹೇಳಬಾರದು ಅಂತಾಯಿತು. ಅವನು ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಒದರಿ, ಹೆಗಲಿಗೆ ಹಾಕಿಕೊಂಡು ಹೋದ.

ಆಮೇಲೆ ಸ್ವಾಮಿಯವರು ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು. "ನಿಮಗೆ ಗೊತ್ತಾಗ್ಲಿಲ್ವಾ ಆಶಮ್ಮ?"

"ಕ್ಯಾಮೆರಾದಲ್ಲಿ ಸೌಂಡ್ ಬರಾಕಿಲ್ಲ ಅಣ್ಣ," ಅಂದೆ.

ಗುಂಪಿನಲ್ಲಿ ಎಲ್ಲರೂ ಉಸಿರು ಬಿಟ್ಟಂತಾಯಿತು. ಕಂಠಪ್ಪನವರಂತೂ ಕಣ್ಣು ಒರೆಸಿಕೊಂಡರು. ಸೌಂಡ್ ಇಲ್ಲದಿದ್ದರೆ ಯಾರಿಂದ ತಾನೆ ಏನು ಮಾಡಲಾಗುತ್ತದೆ.

ಮನೆಗೆ ಬರುವ ದಾರಿಯಲ್ಲಿ ನಂಜುಂಡೇಶ್ ಒಂದೇ ಮಾತು ಆಡಿದರು. "ನಂಗೆ ಕೇಳ್ಸಿತ್ತು."

ಅವರು ಇದನ್ನು ಬೇರೆ ಯಾರಿಗಾದರೂ ಹೇಳಿದ್ದಾರೆಯೇ? ಮಿಷನ್ನಿಗೆ ಬಂದವರ ಹತ್ತಿರ? ನಾಳೆ ಮಿಷನ್ನಿನ ಕಡೆಯ ಕ್ಯಾಮೆರಾ ನೋಡಬೇಕು.

ನವೆಂಬರ್ 24, ಭಾನುವಾರ

ಹಳೆಯ ದೃಶ್ಯಗಳು ಎರಡು ವಾರ ಕಂಪ್ಯೂಟರಿನಲ್ಲಿ ಉಳಿಯುತ್ತವೆ, ಆಮೇಲೆ ತಾವಾಗಿಯೇ ಅಳಿಸಿಹೋಗುತ್ತವೆ. ಮಂಗಳಿಯ ಅಣ್ಣ ಗಾವಡಗೆರೆಯಿಂದ ಬಂದು ಪೊಲೀಸರಿಗೆ ದೂರು ಕೊಡುತ್ತೇನೆ ಅಂದಿದ್ದಾನಂತೆ. "ಅದು ಅಳ್ಸೋಗೋಗಂಟ ಸುಮ್ನಿರಿ, ಯಾರ್ಗೂ ತೋರುಸ್ಬೇಡಿ," ಅಂತ ಸ್ವಾಮಿಯವರು ಫೋನ್ ಮಾಡಿದ್ದರು. ನನಗೂ ನೋಡುವ ಮನಸ್ಸಿರಲಿಲ್ಲ. ಆದರೆ ಲೈಬ್ರರಿಯ ಬಾಗಿಲು ಹಾಕಿ ನೋಡಿದೆ.

ಕುಂಟುವುದು ಕುಂಟಿನಂತೆಯೇ ಇದೆ. ಅಣಕ ಎಲ್ಲಿ ಕಂಡಿತೋ ನನಗೆ.

ಏನು ಹೇಳುತ್ತಿದ್ದಾಳೆ ಅಂತ ತಿಳಿಯಬೇಕಾಗಿತ್ತು. ನಿಲ್ಲಿಸಿ, ಹಿಂದಕ್ಕೆ ಹಾಕಿ, ಮತ್ತೆ ನೋಡಿದೆ. ಬೀರುವಿನ ಗಾಜಿನಲ್ಲಿ ನನ್ನ ಬಾಯಿ ನೋಡಿಕೊಂಡು ಒಂದೊಂದೇ ಮಾತು ಆಡಿದೆ. ಅಮ್ಮಾ ಅಂದರೆ ತುಟಿ ಕೂಡುತ್ತದೆ. ಹಾವು ಅಂದರೆ ಕೊನೆಗೆ ತುಟಿ ಮುಂದೆ ಬರುತ್ತದೆ. ಅವಳ ತುಟಿ ಕೂಡುವುದೂ ಇಲ್ಲ, ಮುಂದೆ ಬರುವುದೂ ಇಲ್ಲ. ಬಾಯಿ ತೆರೆಯುತ್ತದೆ, ಹಲ್ಲು ಕಾಣುತ್ತದೆ, ಮತ್ತೆ ತೆರೆಯುತ್ತದೆ.

ಆಶಾ.

ಕಂಠಪ್ಪನವರ ಬಾಗಿಲು ಅಲ್ಲಿಂದ ಹತ್ತು ಹೆಜ್ಜೆ. ಅದಕ್ಕೂ ಮೊದಲು ನಾಲ್ಕು ಮನೆ ದಾಟಿ ಬಂದಿದ್ದಾಳೆ. ನಮ್ಮ ಮನೆ ಹಿಂದಿನ ಬೀದಿಯಲ್ಲಿ, ಆ ಕಾಲಲ್ಲಿ ಅಲ್ಲಿಯವರೆಗೆ ನಡೆಯಲಾಗುತ್ತಿರಲಿಲ್ಲ. ಅವೆಲ್ಲ ಬಿಟ್ಟು ಕ್ಯಾಮೆರಾ ಹತ್ತಿರ ಬಂದಳು. ಬಾಗಿಲು ಬಡಿದದ್ದು ಸೈರನ್ ಆದ ಮೇಲೆ. ಅದಕ್ಕೆ ಮೊದಲು ಅವಳಿಗೆ ಬೇರೆ ಯಾರೂ ಬೇಕಿರಲಿಲ್ಲ. ಇಲ್ಲಿ ನಾನಿದ್ದೇನೆ ಅಂತ ಬಂದಳು.

ನವೆಂಬರ್ 27, ಬುಧವಾರ

ಮೈಸೂರಿಗೆ ಹೋಗಿಬಂದೆ. ಗಂಡನಿಗೆ ಮಾತ್ರ ಹೇಳಿದ್ದೆ. ಅವರು ಏನೂ ಕೇಳದೆ ಬಸ್ ಸ್ಟ್ಯಾಂಡಿಗೆ ಬಿಟ್ಟುಬಂದರು.

ಕಾಲು ಇನ್ನೂ ಊದಿದೆ. ಪಾದದ ಮೇಲಿನ ಚರ್ಮ ಕಪ್ಪಾಗಿ, ತೆಗೆದು ಕಟ್ಟಿದ್ದಾರೆ. ಕಾಲು ಉಳಿಯುತ್ತದಂತೆ. ನನ್ನನ್ನು ನೋಡಿ ಏಳಲು ಹೋದಳು. ದಾರಿಯುದ್ದಕ್ಕೂ ಏನು ಹೇಳಬೇಕು ಅಂತ ಜೋಡಿಸಿಕೊಂಡು ಹೋಗಿದ್ದೆ. ಅವಳೇ ಶುರು ಮಾಡಿದಳು.

"ನೀನ್ ನೋಡ್ತಾ ಇರ್ತೀಯ ಅಂತ ಅಲ್ಲಿಗ್ ಬಂದೆ ಕಣೆ. ಕರೆಂಟ್ ಹೋಗಿತ್ತೇನೋ ಅಲ್ವಾ?"

ಅದನ್ನು ಕೇಳುವಾಗ ಅವಳ ಮುಖದಲ್ಲಿ ಅನುಮಾನದ ಒಂದು ಎಳೆಯೂ ಇರಲಿಲ್ಲ. ಹೌದು ಅಂದರೆ ಸಾಕಾಗಿತ್ತು. ಊರಲ್ಲಿ ದಿನಕ್ಕೆ ಮೂರು ಸಲ ಕರೆಂಟ್ ಹೋಗುತ್ತದೆ.

"ಹೋಗಿರ್ಲಿ‌ಲ್ಲ," ಅಂದೆ.

ಅವಳು ನೋಡುತ್ತಲೇ ಇದ್ದಳು.

"ಸೈರನ್ನು?"

"ನಾನೇ."

ಪಕ್ಕದ ಮಂಚದ ಹೆಂಗಸು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಆಮೇಲೆ ಮಂಗಳಿ ಕಣ್ಣು ಮುಚ್ಚಿಕೊಂಡು, "ಬಸ್ಸು ತಪ್ಪೋಯ್ತದೆ, ಹೊರಡು," ಅಂದಳು. ನೀರು ಬೇಕಾ ಅಂದೆ. ಗೋಡೆಯ ಕಡೆ ಮುಖ ತಿರುಗಿಸಿದಳು.

ಬಸ್ಸು ಹುಣಸೂರು ದಾಟಿದ ಮೇಲೆ ಕೆಟ್ಟು ನಿಂತಿತು. ಊರಿನ ಗೇಟಿನಲ್ಲಿ ಇಳಿದಾಗ ಏಳು ದಾಟಿತ್ತು. ಬೀದಿಯ ಎರಡೂ ಕಡೆ ಹಸಿರು ಬಲ್ಬು, ಮುಚ್ಚಿದ ಬಾಗಿಲು. ನೆಲದ ಮೇಲೆ ನಿಂತು ಇದನ್ನು ನೋಡಿದ್ದು ಇದೇ ಮೊದಲು. ಕೈಯಲ್ಲಿದ್ದ ಫೋನು ಕಂಪಿಸತೊಡಗಿತು. 'ಕ್ಯಾಮೆರಾ ಒಂದರಲ್ಲಿ ಹೆಂಗಸು.' 'ಯಾರು?' 'ಮುಖ ಕಾಣ್ತಿಲ್ಲ.' 'ಬ್ಯಾಗಿದೆ, ಹುಷಾರು.' ಆಗ ಸೈರನ್ ಕೂಗಿತು.

ಆ ಬಟನ್ ನನ್ನೊಬ್ಬಳ ಕೈಯಲ್ಲಿದೆ ಅಂತ ಅಂದುಕೊಂಡಿದ್ದೆ. ಇನ್ನೊಬ್ಬರ ಹತ್ತಿರವೂ ಇದೆ. ಯಾವತ್ತಿನಿಂದ? ನಾನು ನೋಡುತ್ತಿದ್ದಾಗಲೆಲ್ಲ ನನ್ನನ್ನು ಯಾರೋ ನೋಡುತ್ತಿದ್ದರು. ಲೈಬ್ರರಿಯ ಬೀರುವಿನ ಗಾಜಿನ ಮುಂದೆ ಬಾಯಿ ಆಡಿಸುತ್ತಾ ನಿಂತಿದ್ದನ್ನೂ ನೋಡಿದ್ದಾರೆಯೇ?

ತಲೆಯ ಮೇಲೆಯೇ ಆ ಸದ್ದು. ಹಿಂದಿನಿಂದ ನಿಜವಾದ ಚಿರತೆ ಬಂದಿದ್ದರೂ ನನಗೆ ಕೇಳುತ್ತಿರಲಿಲ್ಲ. ಬ್ಯಾಗನ್ನು ಎದೆಗೆ ಒತ್ತಿಕೊಂಡು ನಡೆದೆ. ನಮ್ಮ ಬೀದಿಯ ತಿರುವಿಗೆ ಬಂದಾಗ ನಡುರಸ್ತೆಯಲ್ಲಿ ಒಬ್ಬರು ಟಾರ್ಚ್ ಹಿಡಿದು ನಿಂತಿದ್ದರು. ನಂಜುಂಡೇಶ್. ಹಿಂದೆ ಮನೆಯ ಬಾಗಿಲು ಪೂರ್ತಿ ತೆರೆದಿತ್ತು.

"ಬಾ," ಅಂದರು. ಸದ್ದಿನಲ್ಲಿ ಕೇಳಲಿಲ್ಲ. ಬಾಯಿ ನೋಡಿ ತಿಳಿದುಕೊಂಡೆ.

ಡಿಸೆಂಬರ್ 1, ಭಾನುವಾರ

ಲೈಬ್ರರಿಯ ಬೀಗದ ಕೈ ಪಂಚಾಯ್ತಿಯವರದು, ಅದನ್ನು ನನ್ನಿಂದ ಕೇಳಲು ಸ್ವಾಮಿಯವರಿಗೆ ಆಗಲಿಲ್ಲ. ನಿಯಮ ಮೀರಿದವಳ ಹತ್ತಿರ ಇರಬಾರದೆಂದು ಪರದೆಯನ್ನು ಡೇರಿಗೆ ಒಯ್ದರು. ಹಳೆಯ ದೃಶ್ಯಗಳೂ ಅದರ ಜೊತೆ ಹೋದವು. ಪುಷ್ಪಾ ನೋಡಿಕೊಳ್ಳುತ್ತಾಳೆ. ಆ ಬಟನ್ ಅವಳ ಹತ್ತಿರ ಮೊದಲಿನಿಂದಲೂ ಇತ್ತಂತೆ.

ಮಂಗಳಿಯ ಅಣ್ಣ ಮನೆಗೆ ಬಂದಿದ್ದ. ಪೊಲೀಸರು ಕೇಳಿದರೆ ಕಂಡದ್ದನ್ನು ಹೇಳುತ್ತೇನೆ ಅಂದೆ. ಸೈರನ್ ಒತ್ತಿದ್ದನ್ನೂ ಹೇಳುತ್ತೇನೆ ಅಂದೆ. ಅವನು ಕಾಫಿ ಮುಟ್ಟದೆ ಎದ್ದುಹೋದ. ಅದರಲ್ಲಿ ತಪ್ಪಿಲ್ಲ.

ಮಿಷನ್ನಿಗೆ ಮೇಲಿನ ಬೀದಿಯವರು ಬರುವುದಿಲ್ಲ. ಕೆಳಗಿನ ಬೀದಿಯ ಹೆಂಗಸರು ರಾಗಿ ತರುತ್ತಾರೆ. ಬೇರೆಯವರು ರಾತ್ರಿ ಮಗ್ಗುಲಾಗುವಾಗ ನಮ್ಮನ್ನು ಬೈಯುತ್ತಿರಬಹುದು ಅಥವಾ ನಮ್ಮ ಬಗ್ಗೆ ಏನೂ ಅಂದುಕೊಳ್ಳದೆ ಇರಬಹುದು. ಮೊದಲಾಗಿದ್ದರೆ ಫೋನು ತೆಗೆದು ಯಾರ ಮನೆಯ ಜಗಲಿಯಲ್ಲಿ ಯಾರು ಕೂತಿದ್ದಾರೆ ಅಂತ ನೋಡುತ್ತಿದ್ದೆ. ಈಗಲೂ ಕೈ ಅತ್ತ ಹೋಗುತ್ತದೆ.

ಆ ಎರಡು ಹಸುಗಳನ್ನು ಇಷ್ಟು ದಿನ ಮರಮ್ಮ ನೋಡಿಕೊಂಡಿದ್ದಳು. "ನಂಗೆ ಮಂಡಿ ನೋವು, ನೀವೇ ಇಡ್ಕಂಡೋಗ್ರವ್ವ," ಅಂದಳು. ತಂದು ನಮ್ಮ ಹಿತ್ತಲಲ್ಲಿ ಕಟ್ಟಿದ್ದೇನೆ. ಹಾಲು ಕರೆದು ಎಷ್ಟೋ ವರ್ಷವಾಗಿತ್ತು. ಕೆಂಪು ಹಸು ಕೆಂದೆ ಎರಡು ಸಲ ಒದ್ದಿತು.

ಡಿಸೆಂಬರ್ 8, ಭಾನುವಾರ

ಮಂಗಳಿ ಗಾವಡಗೆರೆಗೆ, ಅಣ್ಣನ ಮನೆಗೆ ಬಂದಿದ್ದಾಳಂತೆ. ಕೋಲು ಹಿಡಿದು ನಡೆಯುತ್ತಾಳಂತೆ. ಗೋವಿಂದಯ್ಯ ಹೇಳಿದ.

ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ನಾನು ಹಿತ್ತಲಲ್ಲಿದ್ದೆ. ಬೇಲಿಯಾಚೆಯ ಕಂಬದಲ್ಲಿ ಕ್ಯಾಮೆರಾ. ಹೋದ ವಾರ ಅದರ ಮುಖ ರಸ್ತೆಯ ಕಡೆಗಿತ್ತು, ಈಗ ನಮ್ಮ ಕಡೆ ತಿರುಗಿದೆ. ಗೋಡೆಯ ಮರೆಗೆ ಸರಿದು ಎತ್ತಿದೆ.

"ಹಸ ಹಾಲ್ ಕೊಡ್ತಾವಾ?" ಅಂದಳು. ಹೆಸರು ಹೇಳಲಿಲ್ಲ, ನಮಸ್ಕಾರ ಇಲ್ಲ.

ಕೊಡುತ್ತಿವೆ ಅಂದೆ.

"ಕೆಂದೆಗೆ ಎಡಗಡೆ ಕೂತ್ಕಬ್ಯಾಡ. ಅದ್ಕೆ ಆಗ್ಬರಾಕಿಲ್ಲ. ಬಲಗಡೆ ಕೂತ್ಕೊ. ಹಿಂಡಿ ಎಷ್ಟ್ ಹಾಕ್ತಿದ್ದೀಯ?"

ಹೇಳಿದೆ.

"ಏನು?"

ಮತ್ತೆ ಹೇಳಿದೆ. ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದೇನೆ ಅಂತ ಆಗ ಗೊತ್ತಾಯಿತು.

"ಕೇಳ್ಸಾಕಿಲ್ಲ," ಅಂದಳು ಮಂಗಳಿ. "ಜೋರಾಗಿ ಏಳು."

ಗೋಡೆ ಬಿಟ್ಟು ಈಚೆ ಬಂದು, ಜೋರಾಗಿ ಹೇಳಿದೆ.